ಕೊನೆ ಗೊತ್ತಿದ್ದವರನ್ನು ಹೆದರಿಸುವುದು ಹೇಗೆ? ‘ವೆಲ್‌ಕಮ್ ಟು ಡೆರಿ’ಯ ಮೊದಲ ಎಪಿಸೋಡ್

ಹಾರರ್ ಕಥೆಗೆ ಪ್ರೀಕ್ವೆಲ್, ಅಂದರೆ ಅದಕ್ಕಿಂತ ಹಿಂದೆ ನಡೆದಿದ್ದರ ಕಥೆ, ಮಾಡುವುದು ತುಂಬಾ ಕಷ್ಟದ ಕೆಲಸ. ಹಾರರ್ ನಿಂತಿರುವುದೇ ‘ಮುಂದೇನಾಗುತ್ತೋ’ ಅನ್ನುವ ಆತಂಕದ ಮೇಲೆ. ಪ್ರೀಕ್ವೆಲ್ ನೋಡಲು ಕೂತವರಿಗೆ ಆ ಮುಂದಿನದ್ದು ಮೊದಲೇ ಗೊತ್ತಿರುತ್ತದೆ. ಪೀಡೆ ಸಾಯುವುದಿಲ್ಲ, ಯಾಕೆಂದರೆ ನಾವು ಈಗಾಗಲೇ ನೋಡಿರುವ ಕಥೆಯಲ್ಲಿ ಅದು ಬದುಕಿರಬೇಕು. ಅಲ್ಲಿ ತಾತನಾಗಿ ಬಂದವನು ಇಲ್ಲಿ ಸಾಯುವುದಿಲ್ಲ. ಇಷ್ಟೆಲ್ಲಾ ಗೊತ್ತಿರುವಾಗ ಹೆದರುವುದಕ್ಕೆ ಏನು ಉಳಿಯಿತು?

ಎಚ್‌ಬಿಒದ ‘ಇಟ್: ವೆಲ್‌ಕಮ್ ಟು ಡೆರಿ’ 2025ರ ಅಕ್ಟೋಬರ್ 26ರಂದು ಶುರುವಾಯಿತು. ಅದರ ಮೊದಲ ಎಪಿಸೋಡ್ ಈ ಪ್ರಶ್ನೆಗೆ ಕೊಡುವ ಉತ್ತರ ನನಗೆ ಬಹಳ ಹಿಡಿಸಿತು. ಎಲ್ಲವೂ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಆದರೆ ನಮಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ಈ ಎಪಿಸೋಡ್ ಮಾಡಿದವರು ಸರಿಯಾಗಿ ಲೆಕ್ಕ ಹಾಕಿದ್ದಾರೆ. ಆ ಲೆಕ್ಕ ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳುವುದು ಈ ಬರಹದ ಉದ್ದೇಶ. ಹಾಗೆ ಹೇಳಬೇಕಾದರೆ ಕಥೆಯನ್ನೂ ಹೇಳಲೇಬೇಕು. ಇನ್ನೂ ನೋಡಿಲ್ಲದವರು, ನೋಡುವ ಆಸೆ ಇರುವವರು, ಮೊದಲು ಎಪಿಸೋಡ್ ನೋಡಿ ಆಮೇಲೆ ಇಲ್ಲಿಗೆ ಬನ್ನಿ. ಕೊನೆಯ ಹತ್ತು ನಿಮಿಷ ಮೊದಲೇ ಗೊತ್ತಾಗಿಬಿಟ್ಟರೆ ನಿಜಕ್ಕೂ ನಷ್ಟ.

ಮೊದಲು ಹಿನ್ನೆಲೆ. ಸ್ಟೀಫನ್ ಕಿಂಗ್ ಅವರ ‘ಇಟ್’ ಕಾದಂಬರಿ ಬಂದಿದ್ದು 1986ರಲ್ಲಿ. ಅಮೆರಿಕದ ಮೇನ್ ರಾಜ್ಯದಲ್ಲಿ ಡೆರಿ ಅನ್ನುವ ಕಾಲ್ಪನಿಕ ಊರು. ಆ ಊರಿನ ಮೋರಿಗಳ ಕೆಳಗೆ ಒಂದು ಪೀಡೆ ಇದೆ. ಸುಮಾರು 27 ವರ್ಷಕ್ಕೊಮ್ಮೆ ಎದ್ದು ಬರುತ್ತದೆ, ಮಕ್ಕಳನ್ನು ತಿನ್ನುತ್ತದೆ, ಮತ್ತೆ ಮಲಗುತ್ತದೆ. ಅದಕ್ಕೆ ತನ್ನದೇ ಅಂತ ಒಂದು ರೂಪವಿಲ್ಲ. ಯಾರು ಯಾವುದಕ್ಕೆ ಹೆದರುತ್ತಾರೋ ಅದೇ ಆಗಿ ಬರುತ್ತದೆ. ಅದಕ್ಕೆ ಇಷ್ಟವಾದ ವೇಷ ಮಾತ್ರ ಪೆನ್ನಿವೈಸ್ ಎಂಬ ಸರ್ಕಸ್ ಜೋಕರ್‌ನದು.

ಆಂಡಿ ಮುಸ್ಕಿಯೆಟ್ಟಿ ಇದನ್ನು 2017 ಮತ್ತು 2019ರಲ್ಲಿ ಎರಡು ಸಿನಿಮಾ ಮಾಡಿದರು. ಪುಸ್ತಕದಲ್ಲಿ ಮಕ್ಕಳ ಭಾಗ ನಡೆಯುವುದು 1957–58ರಲ್ಲಿ. ಸಿನಿಮಾದಲ್ಲಿ ಅದನ್ನು 1989ಕ್ಕೆ ತಂದರು, ದೊಡ್ಡವರ ಭಾಗವನ್ನು 2016ಕ್ಕೆ. 1989ರಿಂದ 27 ಕಳೆದರೆ 1962. ಪ್ರೀಕ್ವೆಲ್ ನಿಂತಿರುವುದು ಆ ವರ್ಷದಲ್ಲಿ. ಮೊದಲ ಎಪಿಸೋಡ್‌ನ ನಿರ್ದೇಶಕರೂ ಮುಸ್ಕಿಯೆಟ್ಟಿಯವರೇ.

1962 ಬಂದಿದ್ದು ಕೂಡಿ ಕಳೆಯುವ ಲೆಕ್ಕದಿಂದ. ಆದರೂ ಹಾರರ್‌ಗೆ ಅದು ಹೇಳಿ ಮಾಡಿಸಿದ ಕಾಲ. ಅಮೆರಿಕ–ಸೋವಿಯತ್ ಶೀತಲ ಸಮರ ಬಿರುಸಾಗಿದ್ದ ದಿನಗಳು. ಬಾಂಬ್ ಬಿದ್ದರೆ ಡೆಸ್ಕಿನ ಕೆಳಗೆ ಹೇಗೆ ನುಸುಳಬೇಕು ಅಂತ ಶಾಲೆಗಳಲ್ಲಿ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಬಂತು, ಜಗತ್ತು ಅಣುಯುದ್ಧದ ಅಂಚಿಗೆ ಹೋಗಿ ವಾಪಸ್ ಬಂತು. ಸೀರೀಸ್‌ನಲ್ಲಿ ಡೆರಿಗೆ ಒಂದು ವಾಯುಪಡೆ ನೆಲೆ ಕೊಟ್ಟಿದ್ದಾರೆ. ಅದು ಸುಮ್ನೆ ಕಟ್ಟಿದ್ದಲ್ಲ. ಕಿಂಗ್ ಡೆರಿಯನ್ನು ರೂಪಿಸಿದ್ದು ಮೇನ್‌ನ ಬ್ಯಾಂಗರ್ ಪಟ್ಟಣದ ಮೇಲೆ. ಅಲ್ಲಿ ಆಗ ನಿಜವಾಗಿಯೂ ಡೋ ಎಂಬ ವಾಯುಪಡೆ ನೆಲೆ ಇತ್ತು. 1968ರಲ್ಲಿ ಅದನ್ನು ಮುಚ್ಚಿದರು.

ಇನ್ನು ಪ್ರೀಕ್ವೆಲ್‌ನ ಕಷ್ಟಕ್ಕೆ ಬರೋಣ. ಎಷ್ಟು ಹಿಂದಕ್ಕೆ ಹೋಗುತ್ತೀರಿ ಎಂಬುದರ ಮೇಲೆ ಎಲ್ಲವೂ ಬದಲಾಗುತ್ತದೆ. ಈ ಸೀರೀಸ್ ಶುರುವಾದ ತಿಂಗಳಲ್ಲೇ ನಮ್ಮಲ್ಲಿ ‘ಕಾಂತಾರ: ಚಾಪ್ಟರ್ 1’ ಬಂದಿತ್ತು. ಅದು 2022ರ ಸಿನಿಮಾಕ್ಕಿಂತ ಶತಮಾನಗಳಷ್ಟು ಹಿಂದಿನ ಕಥೆ. ಅಷ್ಟು ದೂರ ಹೋದರೆ ಹಳೆಯ ಸಿನಿಮಾದ ಯಾವ ಮನುಷ್ಯನೂ ಹೊಸದರಲ್ಲಿ ಇರುವುದಿಲ್ಲ. ಯಾರನ್ನು ಬೇಕಾದರೂ ಸಾಯಿಸಬಹುದು, ಉಳಿಸಬಹುದು. 27 ವರ್ಷ ಹಾಗಲ್ಲ. ನಾವು ನೋಡಿದ ಮಕ್ಕಳ ಅಪ್ಪಂದಿರು ಇಲ್ಲಿ ಹುಡುಗರು. ತಾತಂದಿರು ನಡುವಯಸ್ಸಿನವರು. ಮನೆತನದ ಹೆಸರುಗಳು ಅವೇ. ಹಾಗಾಗಿ ನೋಡುವವರ ತಲೆಯಲ್ಲಿ ಒಂದು ಪಟ್ಟಿ ತಾನಾಗಿ ತಯಾರಾಗುತ್ತದೆ: ಇವನು ಉಳಿಯಲೇಬೇಕು, ಇವಳ ಬಗ್ಗೆ ಹೇಳಲಾಗದು. ಈ ಪಟ್ಟಿಯನ್ನು ನೆನಪಿನಲ್ಲಿಡಿ. ಎಪಿಸೋಡ್‌ನ ಇಡೀ ಆಟ ನಡೆಯುವುದು ಅದರ ಜೊತೆ.

ಶುರುವಿನ ಸೀನ್. ಚಳಿಗಾಲದ ರಾತ್ರಿ, ಡೆರಿಯ ಥಿಯೇಟರ್. ಮ್ಯಾಟಿ ಎಂಬ ಹುಡುಗ ಟಿಕೆಟ್ ಇಲ್ಲದೆ ಒಳಗೆ ನುಗ್ಗಿ ಸಿನಿಮಾ ನೋಡುತ್ತಿದ್ದಾನೆ. ಅಷ್ಟು ದೊಡ್ಡವನಾಗಿದ್ದರೂ ಬಾಯಲ್ಲಿ ಪುಟ್ಟ ಮಕ್ಕಳು ಚೀಪುವ ರಬ್ಬರ್ ನಿಪ್ಪಲ್ ಇದೆ. ಮನೆಯಲ್ಲಿ ಏನೋ ಸರಿಯಿಲ್ಲ ಅಂತ ಯಾರೂ ಹೇಳದೆಯೇ ನಮಗೆ ತಿಳಿಯುತ್ತದೆ. ಸಿಕ್ಕಿಬಿದ್ದು ಅಲ್ಲಿಂದ ಓಡುತ್ತಾನೆ. ಹಿಮದ ರಸ್ತೆಯಲ್ಲಿ ಕೈ ಅಡ್ಡ ಹಿಡಿದು ಒಂದು ಕಾರು ಹತ್ತುತ್ತಾನೆ. ಡೆರಿ ಬಿಟ್ಟು ಎಲ್ಲಿಗಾದರೂ ಸರಿ, ಅಷ್ಟೇ ಅವನಿಗೆ ಬೇಕಾಗಿದ್ದು. ಕಾರಿನಲ್ಲಿ ಅಪ್ಪ, ಗರ್ಭಿಣಿ ಅಮ್ಮ, ಒಬ್ಬ ಮಗಳು, ಒಬ್ಬ ಮಗ. ಒಳ್ಳೆಯ ಸಂಸಾರದಂತೆ ಕಾಣುತ್ತದೆ.

ಈ ಸೀನನ್ನು ಕಟ್ಟಿರುವ ರೀತಿ ನೋಡಿ. ಮೊದಲು ಎಲ್ಲರೂ ಸ್ವಲ್ಪ ಜಾಸ್ತಿಯೇ ನಗುತ್ತಾರೆ. ಮಗ ಸ್ಪೆಲ್ಲಿಂಗ್ ಅಭ್ಯಾಸ ಮಾಡುತ್ತಿದ್ದಾನೆ. ಅವನಿಗೆ ಸಿಗುವ ಪದಗಳು ಒಂದೊಂದಾಗಿ ಕರಾಳವಾಗುತ್ತವೆ. ಮಗಳು ಡಬ್ಬಿ ತೆಗೆದು ಹಸಿ ಲಿವರ್ ತಿನ್ನಲು ಶುರು ಮಾಡುತ್ತಾಳೆ. ಯಾರೂ ಅದನ್ನು ವಿಚಿತ್ರ ಅಂದುಕೊಳ್ಳುವುದಿಲ್ಲ. ಮ್ಯಾಟಿ ಕಿಟಕಿಯ ಹೊರಗೆ ನೋಡುತ್ತಾನೆ, ಕಾರು ಡೆರಿಗೇ ವಾಪಸ್ ಬಂದಿದೆ. ಒಂದೇ ದೊಡ್ಡ ಶಾಕ್ ಕೊಡುವ ಬದಲು ಸಣ್ಣ ಸಣ್ಣ ತಪ್ಪುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಹೋಗುತ್ತಾರೆ. ಮುಚ್ಚಿದ ಕಾರು, ಓಡುತ್ತಿರುವ ಕಾರು, ಇಳಿಯಲು ದಾರಿಯಿಲ್ಲ. ಆಮೇಲೆ ಅಮ್ಮನಿಗೆ ಅಲ್ಲೇ ಹೆರಿಗೆಯಾಗುತ್ತದೆ. ಹುಟ್ಟುವುದು ರೆಕ್ಕೆ ಇರುವ ವಿಕಾರವಾದ ಒಂದು ಜೀವ.

ಅಲ್ಲಿಂದ ಮುಂದೆ ನನಗೆ ಸ್ವಲ್ಪ ಬೇಸರವಾಯಿತು. ಕಂಪ್ಯೂಟರ್‌ನಲ್ಲಿ ಮಾಡಿದ ಮಗು ಕಾರಿನೊಳಗೆ ಹಾರಾಡತೊಡಗಿದ ಮೇಲೆ ಕಣ್ಣಿಗೆ ಅಸಹ್ಯವಾಗುತ್ತದೆ, ಎದೆ ಮಾತ್ರ ನಡುಗುವುದಿಲ್ಲ. ಅದಕ್ಕಿಂತ ಆ ಲಿವರ್ ಡಬ್ಬಿಯೇ ಹೆಚ್ಚು ಹೆದರಿಸಿತ್ತು. ಆದರೂ ಆ ರೂಪಕ್ಕೆ ಅರ್ಥವಿದೆ. ಅಣುಬಾಂಬ್ ಪರೀಕ್ಷೆಗಳ ಕಾಲದಲ್ಲಿ ವಿಕಿರಣದಿಂದ ಮಕ್ಕಳು ವಿಕಾರವಾಗಿ ಹುಟ್ಟುತ್ತಾರೆ ಎಂಬ ಭಯ ಮನೆಮನೆಯಲ್ಲಿತ್ತು. ಪೀಡೆ ಒಬ್ಬ ಹುಡುಗನ ಭಯವನ್ನಷ್ಟೇ ಅಲ್ಲ, ಆ ಕಾಲದ ಭಯವನ್ನೂ ಮೈಮೇಲೆ ಹಾಕಿಕೊಂಡು ಬಂದಿದೆ ಅಂತ ನಾನು ಓದಿಕೊಂಡೆ.

ಒಂದು ಮುಖ್ಯ ವಿಷಯ: ಜೋಕರ್ ಇಲ್ಲಿ ಬರುವುದೇ ಇಲ್ಲ. ಬಿಲ್ ಸ್ಕಾರ್ಸ್‌ಗಾರ್ಡ್ ಆ ಪಾತ್ರಕ್ಕೆ ಮರಳುತ್ತಾರೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ನಾವು ಪ್ರತಿ ಮೂಲೆಯಲ್ಲೂ ಆ ಬಿಳಿ ಮುಖವನ್ನು ಹುಡುಕುತ್ತಾ ಕೂರುತ್ತೇವೆ. ಇದು ಪ್ರೀಕ್ವೆಲ್‌ಗೆ ಮಾತ್ರ ಸಿಗುವ ಅನುಕೂಲ. 2017ರ ಸಿನಿಮಾ ಶುರುವಿನಲ್ಲೇ ಮೋರಿಯೊಳಗಿಂದ ಪೆನ್ನಿವೈಸ್‌ನ ಮುಖ ತೋರಿಸಬೇಕಾಗಿತ್ತು, ಯಾಕೆಂದರೆ ಅಲ್ಲಿ ಪರಿಚಯ ಆಗಬೇಕಿತ್ತು. ಇಲ್ಲಿ ಪರಿಚಯ ಮುಗಿದಿದೆ. ನಮ್ಮ ಮನಸ್ಸೇ ಅವನನ್ನು ಕತ್ತಲೆಯಲ್ಲೆಲ್ಲಾ ನಿಲ್ಲಿಸಿಕೊಳ್ಳುತ್ತದೆ.

ನಾಲ್ಕು ತಿಂಗಳ ನಂತರ ಮುಖ್ಯ ಕಥೆ. ಲಿಲಿ ಅನ್ನುವ ಹುಡುಗಿ. ಅವಳ ಅಪ್ಪ ಉಪ್ಪಿನಕಾಯಿ ಫ್ಯಾಕ್ಟರಿಯ ಅಪಘಾತದಲ್ಲಿ ಸತ್ತಿದ್ದಾನೆ. ಆ ಆಘಾತದಲ್ಲಿ ಅವಳು ಮಾನಸಿಕ ಆಸ್ಪತ್ರೆ ಸೇರಿ ಬಂದಿದ್ದಾಳೆ. ಶಾಲೆಯಲ್ಲಿ ಅವಳ ಲಾಕರ್‌ಗೆ ಯಾರೋ ಉಪ್ಪಿನಕಾಯಿ ತುಂಬಿಸಿ ಇಡುತ್ತಾರೆ. ನನಗೆ ಇದು ಇಡೀ ಎಪಿಸೋಡ್‌ನ ಅತ್ಯಂತ ಕ್ರೂರ ಸೀನುಗಳಲ್ಲಿ ಒಂದು. ಅದರಲ್ಲಿ ಯಾವ ಪೀಡೆಯೂ ಇಲ್ಲ. ಡೆರಿಯ ಕಥೆಯ ತಿರುಳು ಇರುವುದೇ ಇಲ್ಲಿ. ಪೀಡೆ ಅಷ್ಟು ವರ್ಷ ಬಾಳುವುದು ಆ ಊರಿನ ಜನ ನೋಡಿಯೂ ನೋಡದಂತೆ ಇರುವುದರಿಂದ. ಮ್ಯಾಟಿ ಕಾಣೆಯಾಗಿದ್ದಾನೆ, ದೊಡ್ಡವರು ಅವರವರ ಕೆಲಸದಲ್ಲಿದ್ದಾರೆ. ಅವನು ಎಲ್ಲಿ ಹೋದ ಅಂತ ಕೇಳುವವರು ಕೆಲವೇ ಮಕ್ಕಳು.

ಒಂದು ರಾತ್ರಿ ಲಿಲಿ ಬಾತ್‌ಟಬ್‌ನಲ್ಲಿ ಕೂತಿರುವಾಗ ನೀರು ಹೋಗುವ ತೂತಿನಿಂದ ಮ್ಯಾಟಿಯ ದನಿ ಕೇಳುತ್ತದೆ. ಅವಳು ಬಗ್ಗಿ ಹತ್ತಿರ ಹೋಗುತ್ತಾಳೆ. ಸಿನಿಮಾ ನೋಡಿದವರಿಗೆ ಅಲ್ಲಿನ ಮಕ್ಕಳಲ್ಲಿ ಒಬ್ಬಳಾದ ಬೆವರ್ಲಿಗೆ ಹೀಗೇ ದನಿ ಕೇಳಿಸಿದ ಬಚ್ಚಲುಮನೆಯ ಸಿಂಕ್ ನೆನಪಾಗುತ್ತದೆ. ಡೆರಿಯ ಪೈಪುಗಳಿಂದ ಬರುವ ದನಿಯನ್ನು ನಂಬಬಾರದು ಅಂತ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಯಕ್ಷಗಾನದಲ್ಲಿ ಅಭಿಮನ್ಯು ಚಕ್ರವ್ಯೂಹಕ್ಕೆ ಹೊರಟು ನಿಂತಾಗ ಆಗುವ ಸಂಕಟದ ಹಾಗೆ ಇದು. ಅವನು ವಾಪಸ್ ಬರುವುದಿಲ್ಲ ಅಂತ ಸಭೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಹಾಗೆ ಗೊತ್ತಿರುವುದರಿಂದಲೇ ಅವನ ಉತ್ಸಾಹದ ಮಾತುಗಳನ್ನು ಕೇಳಲಾಗುವುದಿಲ್ಲ. ಪ್ರೀಕ್ವೆಲ್ ‘ಮುಂದೇನು’ ಎಂಬ ಆತಂಕವನ್ನು ಕಳೆದುಕೊಳ್ಳುತ್ತದೆ ನಿಜ. ಅದರ ಬದಲಿಗೆ ‘ಬೇಡ, ಹೋಗಬೇಡ’ ಎಂಬ ಸಂಕಟ ಸಿಗುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯದಲ್ಲ.

ಲಿಲಿಯ ಜೊತೆ ಸೇರುವ ಹುಡುಗರು ಟೆಡ್ಡಿ ಮತ್ತು ಫಿಲ್. ಫಿಲ್‌ನ ಪುಟ್ಟ ತಂಗಿ ಸೂಸಿ ಹಿಂದೆಯೇ ಅಂಟಿಕೊಂಡು ಬರುತ್ತಾಳೆ. ಟೆಡ್ಡಿಯ ಮನೆಯ ಹೆಸರು ಯೂರಿಸ್. ಸಿನಿಮಾದ ಮಕ್ಕಳ ಗುಂಪಿನಲ್ಲಿ ನಾವು ನೋಡಿದ ಸ್ಟ್ಯಾನ್‌ನ ಮನೆತನವೂ ಅದೇ. ಯಹೂದಿ ಕುಟುಂಬ. ಮಕ್ಕಳು ಕಾಣೆಯಾಗುವ ಮಾತನ್ನು ಟೆಡ್ಡಿ ಊಟದ ಹೊತ್ತಿನಲ್ಲಿ ಎತ್ತಿದಾಗ ಅಪ್ಪ ರೇಗುತ್ತಾನೆ. ನಿಜವಾದ ಭಯ ಅಂದರೆ ಏನು ಅಂತ ನಾಜಿ ಕ್ಯಾಂಪಿನ ಕಥೆ ಹೇಳುತ್ತಾನೆ. ಮನುಷ್ಯರ ಚರ್ಮದಿಂದ ಲ್ಯಾಂಪ್‌ಶೇಡ್ ಮಾಡಿದರು ಎಂಬ ಮಾತು. ಆ ರಾತ್ರಿ ಟೆಡ್ಡಿಯ ಕೋಣೆಯ ಲ್ಯಾಂಪ್ ಮೇಲೆ ಮುಖಗಳು ಮೂಡಿ ಕಿರುಚುತ್ತವೆ.

ಈ ಸೀನಿನ ಬಗ್ಗೆ ನನಗೆ ಎರಡು ಮನಸ್ಸಿದೆ. ಲಕ್ಷಾಂತರ ಜನರ ನಿಜವಾದ ಸಾವನ್ನು ಒಂದು ಕ್ಷಣದ ಬೆಚ್ಚಿಬೀಳಿಸುವಿಕೆಗೆ ಬಳಸಿದಾಗ ಕಸಿವಿಸಿಯಾಗುತ್ತದೆ. ಆ ಸೀನ್ ಇನ್ನೂ ಸ್ವಲ್ಪ ಹೊತ್ತು ನಿಂತು, ಹುಡುಗನ ಮುಖವನ್ನು ತೋರಿಸಿದ್ದರೆ ಅದಕ್ಕೆ ಬೇಕಾದ ಗೌರವ ಸಿಗುತ್ತಿತ್ತು. ಆದರೆ ಅದರಲ್ಲಿ ಒಂದು ಗಟ್ಟಿ ಯೋಚನೆ ಇದೆ ಅನ್ನುವುದನ್ನೂ ಒಪ್ಪಬೇಕು. ಟೆಡ್ಡಿ ಆ ಕ್ಯಾಂಪುಗಳನ್ನು ನೋಡಿದವನಲ್ಲ. ಅಪ್ಪನ ಭಯ ಊಟದ ಟೇಬಲ್ ಮೇಲೆ ಮಗನಿಗೆ ದಾಟಿತು. ಪೀಡೆಗೆ ಅಷ್ಟೇ ಸಾಕಾಯಿತು. ದೊಡ್ಡವರು ತಮಗೆ ಗೊತ್ತಿಲ್ಲದೆಯೇ ಅದಕ್ಕೆ ಮೇವು ಹಾಕುತ್ತಿದ್ದಾರೆ.

ಕೊನೆಯ ಭಾಗ. ಥಿಯೇಟರ್‌ನ ಪ್ರೊಜೆಕ್ಟರ್ ನಡೆಸುವವನ ಮಗಳು ರಾನಿ. ಅವಳಿಗೂ ಪೈಪುಗಳಲ್ಲಿ ದನಿ ಕೇಳಿದೆ. ಮಕ್ಕಳೆಲ್ಲಾ ಖಾಲಿ ಥಿಯೇಟರ್‌ಗೆ ಬರುತ್ತಾರೆ. ಮ್ಯಾಟಿ ಅಂದು ನೋಡಿದ ಸಿನಿಮಾವನ್ನೇ ಹಾಕುತ್ತಾರೆ. ಮ್ಯಾಟಿ ಪರದೆಯ ಮೇಲೆ, ಆ ಸಿನಿಮಾದ ಒಳಗೆ ಕಾಣಿಸಿಕೊಳ್ಳುತ್ತಾನೆ. ಕೈಯಲ್ಲಿ ಬಟ್ಟೆ ಸುತ್ತಿದ ಏನೋ ಇದೆ. ತನಗಾದ ಗತಿಗೆ ಅವರನ್ನೇ ದೂರುತ್ತಾನೆ. ಆಮೇಲೆ ಬಟ್ಟೆಯೊಳಗಿನ ಆ ಮಗು ಪರದೆ ಹರಿದು ಹೊರಗೆ ಹಾರುತ್ತದೆ.

ಟೆಡ್ಡಿ ಸಾಯುತ್ತಾನೆ. ಫಿಲ್ ಸಾಯುತ್ತಾನೆ. ಸೂಸಿಯೂ ಸಾಯುತ್ತಾಳೆ. ಲಿಲಿ ಅವಳ ಕೈ ಹಿಡಿದು ಹೊರಗೆ ಓಡಿ ಬರುತ್ತಾಳೆ, ಹಿಡಿದಿರುವುದು ಬರೀ ಕೈ ಅಂತ ಆಮೇಲೆ ಗೊತ್ತಾಗುತ್ತದೆ.

ಇದು ಯಾಕೆ ಅಷ್ಟು ಬಲವಾಗಿ ತಾಗುತ್ತದೆ? ರಕ್ತದಿಂದಲ್ಲ. ಅಲ್ಲಿಯವರೆಗೆ ಎಪಿಸೋಡ್ ನಮಗೆ ಹಳೆಯ ಸಿನಿಮಾದ ಅಚ್ಚನ್ನೇ ತೋರಿಸುತ್ತಿತ್ತು. ಊರಿಗೆ ಬೇಡವಾದ ಒಂದು ಮಕ್ಕಳ ಗುಂಪು, ಒಬ್ಬೊಬ್ಬರಿಗೆ ಒಂದೊಂದು ಭಯ, ಸೈಕಲ್, ಲೈಬ್ರರಿ, ಕಾಣೆಯಾದ ಗೆಳೆಯ. ಸಿನಿಮಾದಲ್ಲಿ ಇಂಥ ಏಳು ಮಕ್ಕಳ ಗುಂಪು ಪೀಡೆಯ ಎದುರು ನಿಂತು ಎಲ್ಲರೂ ಉಳಿದಿದ್ದರು. ಹಾಗಾಗಿ ಇವರೇ ಈ ಸೀರೀಸ್‌ನ ಗುಂಪು, ಎಂಟು ಎಪಿಸೋಡ್ ಇವರ ಜೊತೆ ಇರುತ್ತೇವೆ ಅಂತ ನಾವು ಗಟ್ಟಿ ಮಾಡಿಕೊಂಡಿರುತ್ತೇವೆ. ಅದಕ್ಕಿಂತ ಹೆಚ್ಚಾಗಿ ಯೂರಿಸ್ ಎಂಬ ಹೆಸರು. ಆ ಮನೆತನ ಮುಂದೆ ಇದೆ ಅಂತ ನಮಗೆ ಗೊತ್ತು. ಹಾಗಾಗಿ ಟೆಡ್ಡಿಯ ಹೆಸರನ್ನು ‘ಉಳಿಯುವವರು’ ಪಟ್ಟಿಗೆ ಹಾಕಿಬಿಟ್ಟಿದ್ದೆವು.

ಆದರೆ ಮನೆತನ ಉಳಿಯುವುದಕ್ಕೂ ಆ ಹುಡುಗ ಉಳಿಯುವುದಕ್ಕೂ ಸಂಬಂಧವಿಲ್ಲ. ಟೆಡ್ಡಿ ಸತ್ತರೆ ಮುಂದಿನ ಕಥೆಯ ಒಂದು ಎಳೆಯೂ ಕೆಡುವುದಿಲ್ಲ. ಅವನು ಸ್ಟ್ಯಾನ್‌ನ ಅಪ್ಪ ಆಗಿರಲೇಬೇಕು ಅಂತ ಯಾರೂ ಹೇಳಿರಲಿಲ್ಲ. ನಾವು ನಾವೇ ಅಂದುಕೊಂಡಿದ್ದು. ಎಪಿಸೋಡ್ ಎಲ್ಲೂ ಸುಳ್ಳು ಹೇಳಿಲ್ಲ. ನಮ್ಮ ತಿಳಿವಳಿಕೆಯನ್ನೇ ನಮ್ಮ ವಿರುದ್ಧ ತಿರುಗಿಸಿದೆ. ಪ್ರೀಕ್ವೆಲ್‌ನ ದೊಡ್ಡ ದೌರ್ಬಲ್ಯ ಅಂದುಕೊಂಡಿದ್ದು, ಅಂದರೆ ನೋಡುಗನಿಗೆ ಎಲ್ಲಾ ಗೊತ್ತಿರುವುದು, ಅದೇ ಇಲ್ಲಿ ಆಯುಧವಾಯಿತು. ಇದನ್ನು ನಾನು ಮನಸಾರೆ ಮೆಚ್ಚಿದೆ.

ಬೇರೆ ಹಾರರ್ ಪ್ರೀಕ್ವೆಲ್‌ಗಳು ಈ ಕಷ್ಟವನ್ನು ಬೇರೆ ದಾರಿಯಲ್ಲಿ ದಾಟಿವೆ. ‘ದಿ ವಾಕಿಂಗ್ ಡೆಡ್’ 2010ರಲ್ಲಿ ಶುರುವಾದಾಗ ನಾಯಕ ಆಸ್ಪತ್ರೆಯಲ್ಲಿ ಕೋಮಾದಿಂದ ಏಳುವ ಹೊತ್ತಿಗೆ ಜಗತ್ತು ಮುಗಿದೇ ಹೋಗಿತ್ತು. ಅವನು ಮಲಗಿದ್ದ ದಿನಗಳಲ್ಲಿ ಏನಾಯಿತು ಅನ್ನುವುದು ಖಾಲಿ ಜಾಗ. 2015ರ ‘ಫಿಯರ್ ದಿ ವಾಕಿಂಗ್ ಡೆಡ್’ ಆ ಜಾಗಕ್ಕೇ ಕೈ ಹಾಕಿತು. ಅದರ ಮೊದಲ ಎಪಿಸೋಡ್ ಲಾಸ್ ಏಂಜಲೀಸ್‌ನಲ್ಲಿ ನಡೆಯುತ್ತದೆ. ಡ್ರಗ್ಸ್ ಚಟದ ನಿಕ್ ಪಾಳುಬಿದ್ದ ಚರ್ಚಿನಲ್ಲಿ ಎದ್ದು, ಗೆಳತಿ ಮನುಷ್ಯನನ್ನು ತಿನ್ನುವುದನ್ನು ನೋಡುತ್ತಾನೆ. ಅದು ನಿಜವೋ ನಶೆಯೋ ಅವನಿಗೇ ಗೊತ್ತಾಗುವುದಿಲ್ಲ. ನಮಗೆ ಗೊತ್ತು. ಶಾಲೆಯಲ್ಲಿ ಜ್ವರ ಅಂತ ಮಕ್ಕಳ ಹಾಜರಾತಿ ಕಡಿಮೆಯಾಗುತ್ತದೆ, ಟೀಚರ್‌ಗಳು ಪಾಠ ಮುಂದುವರಿಸುತ್ತಾರೆ. ಖಾಲಿ ಬೆಂಚು ನೋಡಿ ನಮಗೆ ಮೈ ಜುಮ್ಮೆನ್ನುತ್ತದೆ. ತುಂಬಾ ನಿಧಾನ ಅಂತ ಹಲವರು ದೂರಿದರು. ನನಗೆ ಆ ನಿಧಾನವೇ ಹಿಡಿಸಿತ್ತು. ಅಮೆರಿಕದಲ್ಲಿ ಆ ಎಪಿಸೋಡನ್ನು ಒಂದು ಕೋಟಿಗೂ ಹೆಚ್ಚು ಜನ ನೋಡಿದ್ದರು.

2013ರ ‘ಬೇಟ್ಸ್ ಮೋಟೆಲ್’ ಇನ್ನೂ ಧೈರ್ಯದ್ದು. ಹಿಚ್‌ಕಾಕ್‌ರ 1960ರ ‘ಸೈಕೋ’ ಚಿತ್ರದ ನಾರ್ಮನ್ ಬೇಟ್ಸ್‌ನ ಹುಡುಗ ವಯಸ್ಸಿನ ಕಥೆ ಅದು. ಆದರೆ ಕಾಲವನ್ನು ಇಂದಿಗೆ ತಂದು ಹುಡುಗನ ಕೈಗೆ ಮೊಬೈಲ್ ಕೊಟ್ಟರು. ಕಾಲದ ಲೆಕ್ಕವನ್ನೇ ಬಿಟ್ಟುಬಿಟ್ಟರು. ಹುಡುಗ ಕೊಲೆಗಾರನಾಗುತ್ತಾನೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಅಲ್ಲಿ ಪ್ರಶ್ನೆ ಆಗುತ್ತಾನಾ ಅನ್ನುವುದಲ್ಲ, ಅವನನ್ನು ಹಾಗೆ ಮಾಡಿದ್ದು ಏನು ಅನ್ನುವುದು. ಅಮ್ಮನ ಪಾತ್ರದಲ್ಲಿ ವೆರಾ ಫಾರ್ಮಿಗ ಮೊದಲ ಎಪಿಸೋಡಿನಲ್ಲೇ ಆ ಪ್ರಶ್ನೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ.

ಡೆರಿಗೆ ವಾಪಸ್ ಬಂದರೆ, ಎಪಿಸೋಡ್‌ನ ದುರ್ಬಲ ಭಾಗ ವಾಯುಪಡೆಯ ಕಥೆ. ಮೇಜರ್ ಲೆರಾಯ್ ಹ್ಯಾನ್ಲನ್ ಹೊಸದಾಗಿ ಡೆರಿಯ ನೆಲೆಗೆ ಬರುತ್ತಾನೆ. ಕಪ್ಪು ಜನಾಂಗದ ಅಧಿಕಾರಿ. ಅಲ್ಲಿನ ಬಿಳಿಯರು ಅವನ ಹುದ್ದೆಗೆ ಕೊಡಬೇಕಾದ ಮರ್ಯಾದೆಯನ್ನೂ ಕೊಡುವುದಿಲ್ಲ. 1962ರ ಅಮೆರಿಕದಲ್ಲಿ ಹೆದರಿಸಲು ಪೀಡೆಯೇ ಬೇಕಾಗಿಲ್ಲ ಎಂಬ ಮಾತು ಇಲ್ಲಿ ಬರುತ್ತದೆ. ಅದು ಬರಲೇಬೇಕಾದ ಮಾತು, ಜೋವನ್ ಅಡೆಪೊ ಚೆನ್ನಾಗಿಯೂ ಮಾಡಿದ್ದಾರೆ. ತೊಂದರೆ ಏನೆಂದರೆ, ಒಂದು ರಾತ್ರಿ ಮುಖವಾಡದವರು ಬಂದು ಅವನನ್ನು ಹೊಡೆದು, ವಿಮಾನದ ಗುಟ್ಟು ಕೇಳುವಾಗ ನಮಗೆ ಉಸಿರು ಬಿಗಿಯುವುದಿಲ್ಲ. ಯಾಕೆಂದರೆ ಲೆರಾಯ್, ಸಿನಿಮಾದ ಏಳು ಮಕ್ಕಳಲ್ಲಿ ಒಬ್ಬನಾದ ಮೈಕ್ ಹ್ಯಾನ್ಲನ್‌ನ ತಾತ. 1989ರಲ್ಲಿ ಅವನನ್ನು ನೋಡಿದ್ದೇವೆ. ಅವನು ಇಂದು ರಾತ್ರಿ ಸಾಯುವುದಿಲ್ಲ. ಟೆಡ್ಡಿಯ ವಿಷಯದಲ್ಲಿ ಅಷ್ಟು ಜಾಣತನ ತೋರಿಸಿದವರು ಇಲ್ಲಿ ಪ್ರೀಕ್ವೆಲ್‌ನ ಹಳೆಯ ಗುಂಡಿಗೇ ಬಿದ್ದಿದ್ದಾರೆ. ಅವನ ಪ್ರಾಣದ ಬದಲು ಅವನಿಗೆ ಬೇಕಾದ ಬೇರೇನನ್ನೋ ಅಪಾಯದಲ್ಲಿ ಇಟ್ಟಿದ್ದರೆ ಆ ಸೀನ್ ಗೆಲ್ಲುತ್ತಿತ್ತು. ಮಕ್ಕಳ ಕಥೆಯಿಂದ ನೆಲೆಯ ಕಥೆಗೆ ಜಿಗಿದಾಗಲೆಲ್ಲಾ ಕಟ್ಟಿದ ಬಿಗಿ ಸಡಿಲವಾಗುತ್ತದೆ.

ಮುಸ್ಕಿಯೆಟ್ಟಿ ಇದನ್ನು ಮೂರು ಸೀಸನ್‌ಗಳ ಯೋಜನೆ ಅಂತ ಹೇಳಿದ್ದಾರೆ. ಪ್ರತಿ ಸೀಸನ್ 27 ವರ್ಷ ಹಿಂದಕ್ಕೆ: 1962, ಆಮೇಲೆ 1935, ಆಮೇಲೆ 1908. ಹಿಂದಕ್ಕೆ ಹೋದಷ್ಟೂ ನಮ್ಮ ಪಟ್ಟಿ ಚಿಕ್ಕದಾಗುತ್ತಾ ಹೋಗುತ್ತದೆ. ಈ ಸೀಸನ್‌ನಲ್ಲಿ ಇನ್ನೂ ಹ್ಯಾನ್ಲನ್ ಮನೆತನದ ಖಾತರಿ ಇದೆ. ಲಿಲಿ ಮತ್ತು ರಾನಿಗೆ ಅದೂ ಇಲ್ಲ. ಎರಡೂ ಸಿನಿಮಾಗಳಲ್ಲಿ ಅವರ ಹೆಸರನ್ನು ಯಾರೂ ಎತ್ತಿಲ್ಲ. ಮುಂದಿನ ಎಪಿಸೋಡ್‌ಗಳನ್ನು ನಾನು ಅವರಿಬ್ಬರಿಗಾಗಿ ನೋಡುತ್ತೇನೆ.